ಏನೂ ಆಗಲಿಲ್ಲವಲ್ಲ

ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: "ಏನೂ ಆಗಲಿಲ್ಲವಲ್ಲ, ಬಿಡಿ." ಮಗು ಜಾರಿ ಎರಡು ಮೆಟ್ಟಿಲು ಕೆಳಗೆ ಕೂತರೆ ಈ ಮಾತು. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಮನೆಯಲ್ಲಿ ಮಾತಿಗೆ ನಿಂತು, ನೆನಪಾಗಿ ಓಡಿಬಂದಾಗ ಪಾತ್ರೆಯಷ್ಟೇ ಸೀದಿದ್ದರೆ ಈ ಮಾತು. ರಾತ್ರಿಯೆಲ್ಲ ಹಿತ್ತಲ ಬಾಗಿಲಿಗೆ ಚಿಲಕವನ್ನೇ ಹಾಕಿರಲಿಲ್ಲವೆಂದು ಬೆಳಿಗ್ಗೆ ಗೊತ್ತಾದರೂ ಇದೇ ಮಾತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಹಿರಿಯರು ಹೇಳಿದ್ದೂ ಇಂಥ ಸಮಾಧಾನಕ್ಕೇ ಇರಬೇಕು. ನಾನೂ ಈ ಮಾತನ್ನು ಬೇಕಾದಷ್ಟು ಸಲ ಆಡಿದ್ದೇನೆ. ಬೇರೆಯವರ ಬಾಯಲ್ಲಿ ಕೇಳಿ ಹಗುರಾಗಿದ್ದೇನೆ. ಆದರೆ 2023ರ ದಸರೆಯಿಂದೀಚೆಗೆ ಅದು ನನ್ನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರಣ, ಒಂದು ಗೇಣುದ್ದದ ಪೆಟ್ರೋಲ್ ಪೈಪು.

ಹೆಂಗಸಿಗೂ ಪೆಟ್ರೋಲ್ ಪೈಪಿಗೂ ಏನು ಸಂಬಂಧ ಎಂದು ನಗಬೇಡಿ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮವರ ಹತ್ತಿರ ಒಂದು ಜಾವಾ ಮೋಟಾರ್ ಸೈಕಲ್ ಇತ್ತು. 1969ರದ್ದು, ನಮ್ಮ ಮೈಸೂರಿನಲ್ಲೇ ಹುಟ್ಟಿದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಮಾದರಿಯ ಗಾಡಿಗಳನ್ನು ಇಲ್ಲಿ ತಯಾರಿಸಲು ತೊಡಗಿತು. ಮುಂದೆ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಕಾಲದ ಮೈಸೂರಿನವರಿಗೆ ಆ ಗಾಡಿಯ ಸದ್ದು ಹಾಲಿನವನ ಕೂಗಿನಷ್ಟೇ ಪರಿಚಿತ. ಬೀದಿಯ ತುದಿಯಲ್ಲಿ ಸದ್ದು ಕೇಳಿದರೆ ನಾನು ಕಾಫಿಗೆ ನೀರಿಡುತ್ತಿದ್ದೆ. ಮಗಳು ಚಿಕ್ಕವಳಿದ್ದಾಗ ಅವಳನ್ನು ಟ್ಯಾಂಕಿನ ಮೇಲೆ, ನನ್ನನ್ನು ಹಿಂದೆ ಕೂರಿಸಿಕೊಂಡು ಅವರು ನಂಜನಗೂಡಿಗೂ ಶ್ರೀರಂಗಪಟ್ಟಣಕ್ಕೂ ಎಷ್ಟು ಸಲ ಹೋದರೋ ಲೆಕ್ಕವಿಲ್ಲ.

2013ರಲ್ಲಿ ಅವರು ಹೋದಮೇಲೆ ಗಾಡಿ ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತು. ಕೊಳ್ಳುತ್ತೇವೆಂದು ಬಂದವರಿದ್ದರು, ನನಗೆ ಕೊಡಲು ಮನಸ್ಸಾಗಲಿಲ್ಲ. ಹತ್ತು ವರ್ಷದ ಮೇಲೆ, 2023ರ ಬೇಸಿಗೆಯಲ್ಲಿ, ಬೆಂಗಳೂರಿನಿಂದ ರಜೆಗೆ ಬಂದ ಮಗಳು ಬೆಡ್‌ಶೀಟ್ ಎಳೆದು, "ಅಮ್ಮಾ, ಅಪ್ಪನ ಗಾಡಿ ಓಡಿಸ್ತೀನಿ" ಎಂದಳು. ಅವಳ ಏಳು ವರ್ಷದ ಮಗ ಪಕ್ಕದಲ್ಲಿ ಕುಣಿಯುತ್ತಿದ್ದ. ನಾನು ಬೇಡವೆನ್ನಲಿಲ್ಲ. ಆ ಸದ್ದು ಮತ್ತೆ ಕೇಳಬೇಕೆಂಬ ಆಸೆ ನನಗೂ ಇತ್ತು.

ನಮ್ಮವರಿಗೆ ಗೊತ್ತಿದ್ದ ವಯಸ್ಸಾದ ಮೆಕ್ಯಾನಿಕ್ ಬಂದು ನೋಡಿದರು. ಟ್ಯಾಂಕು ತೊಳೆಯಬೇಕು, ಕಾರ್ಬ್ಯುರೇಟರ್ ಬಿಚ್ಚಬೇಕು, ಟೈರು ಹೊಸದು ಹಾಕಬೇಕು ಎಂದು ಪಟ್ಟಿ ಹೇಳುತ್ತ ಕೊನೆಗೆ ಟ್ಯಾಂಕಿನ ಕೆಳಗಿದ್ದ ಕಪ್ಪು ಪೈಪನ್ನು ಬೆರಳಲ್ಲಿ ಮುಟ್ಟಿ, "ಇದೂ ಹೋಗಬೇಕು" ಎಂದರು. ನನಗೆ ಅದು ಚೆನ್ನಾಗಿಯೇ ಕಂಡಿತು. ಅವರು ಅದನ್ನು ಬಿಚ್ಚಿ ನನ್ನ ಕಣ್ಣೆದುರು ಬಗ್ಗಿಸಿದರು. ನೆಟ್ಟಗಿದ್ದಾಗ ಕಾಣದ ಬಿರುಕುಗಳು ಬಗ್ಗಿದೊಡನೆ ಬಾಯಿ ಬಿಟ್ಟವು, ಚಳಿಗಾಲದಲ್ಲಿ ನಮ್ಮ ಹಿಮ್ಮಡಿ ಒಡೆಯುತ್ತದಲ್ಲ, ಹಾಗೆ. ನಮ್ಮವರು ತಮ್ಮ ಕೈಯಾರೆ ಹಾಕಿದ ಪೈಪು ಎಂದು ನಾನು ಅದನ್ನು ಎಸೆಯಲಿಲ್ಲ, ಡಬ್ಬಿಯಲ್ಲಿ ಎತ್ತಿಟ್ಟೆ.

ಹೊಸ ಪೈಪು ತರುವ ಕೆಲಸ ನನ್ನ ಪಾಲಿಗೆ ಬಂತು, ತರಕಾರಿಗೆ ಹೋಗುವ ದಾರಿಯಲ್ಲೇ ಅಂಗಡಿಯಿತ್ತೆಂದು. ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಕಪ್ಪಗೆ, ಮಂಕಾಗಿ, ಮೈಮೇಲೆ ಏನೋ ಅಕ್ಷರಗಳಿದ್ದದ್ದು. ಇನ್ನೊಂದು ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ಕು, ಬೆಲೆಯೂ ಕಾಲು ಭಾಗ. "ಇದರಲ್ಲಿ ಪೆಟ್ರೋಲ್ ಹರಿಯೋದು ಕಾಣುತ್ತೆ ಅಮ್ಮ, ಕಸ ಬಂದ್ರೂ ಗೊತ್ತಾಗುತ್ತೆ. ಗ್ಯಾರಂಟಿ" ಎಂದರು. ಯಾವುದಕ್ಕೆ ಗ್ಯಾರಂಟಿ, ಎಷ್ಟು ದಿನಕ್ಕೆ, ಇದು ಪೆಟ್ರೋಲಿಗಾಗಿಯೇ ಮಾಡಿದ್ದೇ ಎಂದು ನಾನು ಕೇಳಲಿಲ್ಲ. ಹೆಸರಿಲ್ಲದ, ಅಕ್ಷರವಿಲ್ಲದ ಸುರುಳಿಯಿಂದ ಅವರು ಕತ್ತರಿಸಿ ಕೊಟ್ಟರು, ನಾನು ಕೈಚೀಲದಲ್ಲಿ ಬೀನ್ಸಿನ ಪಕ್ಕ ಹಾಕಿಕೊಂಡು ಬಂದೆ. ಸೀರೆ ಕೊಳ್ಳುವಾಗ ಎಳೆ ಎಳೆದು ನೋಡುವ, ಬೇಳೆಯನ್ನು ಬಾಯಿಗೆ ಹಾಕಿ ಪರೀಕ್ಷಿಸುವ ನಾನು ಪೈಪಿನ ವಿಷಯದಲ್ಲಿ ಅಂದ ನೋಡಿದೆ, ಬೆಲೆ ನೋಡಿದೆ, ಅಷ್ಟೇ. ಮೆಕ್ಯಾನಿಕ್ ಊರಿಗೆ ಹೋಗಿದ್ದರು. ಅವರ ಕೈಕೆಳಗಿನ ಹುಡುಗ ಪೈಪನ್ನು ಸಿಕ್ಕಿಸಿ, ಎರಡೂ ತುದಿಗೆ ತಂತಿ ಸುತ್ತಿ ಹೋದ. ಹಿರಿಯರು ಬಂದಮೇಲೆ ತೋರಿಸಬೇಕೆಂದು ನಮಗೂ ಹೊಳೆಯಲಿಲ್ಲ, ಗಾಡಿ ಓಡುತ್ತಿತ್ತಲ್ಲ!

ದಸರೆಗೆ ಮಗಳು ಮೊಮ್ಮಗ ಬಂದರು. ಆಯುಧಪೂಜೆಯ ಹಿಂದಿನ ದಿನ, ಅಕ್ಟೋಬರ್ 22ರ ಭಾನುವಾರ, ಗಾಡಿಯ ಪೂಜೆಗೇ ಹೂವು ತರಬೇಕೆಂದು ಇಬ್ಬರೂ ಜಾವಾ ಹತ್ತಿ ದೇವರಾಜ ಮಾರುಕಟ್ಟೆಗೆ ಹೊರಟರು. ಬೆಳಿಗ್ಗೆ ಮೆಟ್ಟಿಲ ಕೆಳಗೆ ರಂಗೋಲಿ ಡಬ್ಬಿ ತೆಗೆಯಲು ಬಗ್ಗಿದಾಗ ನನಗೆ ಪೆಟ್ರೋಲ್ ವಾಸನೆ ಬಂದಿತ್ತು. ಹಿಂದಿನ ದಿನವೂ ಬಂದಿತ್ತು. ಹೇಳಬೇಕೆಂದು ಬಾಯಿವರೆಗೆ ಬಂತು. ಆದರೆ ಎರಡು ದಿನದ ಹಿಂದಷ್ಟೇ, ಹುಡುಗನಿಗೆ ಹೆಲ್ಮೆಟ್ ಹಾಕು, ನಿಧಾನ ಹೋಗು, ಆ ರಸ್ತೆ ಬೇಡ ಎಂದದ್ದಕ್ಕೆ "ಅಮ್ಮಾ, ನಿನಗೆ ಎಲ್ಲದಕ್ಕೂ ಭಯ" ಎಂದು ಮಗಳು ನಕ್ಕಿದ್ದಳು. ಮತ್ತೆ ಅಪಶಕುನ ನುಡಿಯುವ ಮುದುಕಿ ಎನಿಸಿಕೊಳ್ಳುವುದು ಬೇಡವೆಂದು ಸುಮ್ಮನಾದೆ.

ಮಾರುಕಟ್ಟೆಯ ಹೊರಗೆ ಹೂವಿನ ಸಾಲಿನ ಪಕ್ಕ ಗಾಡಿ ನಿಲ್ಲಿಸಿ ಮಗಳು ಸೇವಂತಿಗೆ ಚೌಕಾಸಿ ಮಾಡುತ್ತಿದ್ದಳಂತೆ. ಮೊಮ್ಮಗ ಗಾಡಿಯ ಮೇಲೆಯೇ ಕೂತಿದ್ದ. ಹೂವಿನಾಕೆ ಇದ್ದಕ್ಕಿದ್ದಂತೆ ಮೂಗರಳಿಸಿ, "ಅಕ್ಕಾ, ಪೆಟ್ರೋಲು ಸುರೀತೈತೆ!" ಎಂದು ಕೂಗಿದಳಂತೆ. ಮಗಳು ತಿರುಗಿ ನೋಡಿದರೆ ಎಂಜಿನ್ನಿನ ಮೇಲಿಂದ ನೆಲಕ್ಕೆ ತೊಟ್ಟಿಕ್ಕುತ್ತಿದೆ. ಆ ತಾಯಿ ಮಾಡಿದ ಮೊದಲ ಕೆಲಸವೆಂದರೆ, ತನ್ನ ಹೂವಿನ ಬುಟ್ಟಿಗೆ ಸಿಕ್ಕಿಸಿದ್ದ ಊದುಬತ್ತಿಯನ್ನು ಕಿತ್ತು ನೀರಿನ ಬಕೆಟ್ಟಿನಲ್ಲಿ ಅದ್ದಿದ್ದು. ಮಗಳು ಹುಡುಗನನ್ನು ಇಳಿಸಿ, ಪೆಟ್ರೋಲ್ ನಲ್ಲಿ ಮುಚ್ಚಿ, ಗಾಡಿಯನ್ನು ದೂರಕ್ಕೆ ತಳ್ಳಿಕೊಂಡು ಹೋದಳು. ನೋಡಿದರೆ, ನಾನು ತಂದ ಗಾಜಿನಂಥ ಪೈಪು ಹಳದಿಗಟ್ಟಿ, ಕಡ್ಡಿಯಂತೆ ಗಟ್ಟಿಯಾಗಿ, ನಲ್ಲಿಯ ಬಾಯಿಂದ ಅರ್ಧ ಜಾರಿತ್ತು. ನಾಲ್ಕು ತಿಂಗಳು ಸಾಕಾಗಿತ್ತು ಅದಕ್ಕೆ.

ಹೂವಿನ ಜೊತೆಗೆ ಆಟೋದಲ್ಲಿ ಮನೆಗೆ ಬಂದರು. ಎಲ್ಲರೂ ಅದೇ ಮಾತು ಹೇಳಿದರು. ಅಳಿಯ ಫೋನಿನಲ್ಲಿ, ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, ಕೊನೆಗೆ ಮಗಳೂ: "ಏನೂ ಆಗ್ಲಿಲ್ವಲ್ಲ, ಬಿಡಮ್ಮ." ಮರುದಿನ ತಳ್ಳಿಕೊಂಡು ತಂದ ಗಾಡಿಗೆ ಗಂಧ ಕುಂಕುಮ ಹಚ್ಚಿದೆವು, ಚಕ್ರಕ್ಕೆ ನಿಂಬೆಹಣ್ಣಿಟ್ಟೆವು, ಗಣಪತಿಗೆ ಕಾಯಿ ಒಡೆದೆವು. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಮೂವತ್ತು ವರ್ಷ ಪಿ.ಯು. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವಳು. ಅಂಥ ಹೊತ್ತಿನಲ್ಲೂ ತಲೆ ಲೆಕ್ಕ ಹಾಕುತ್ತದೆ. ಆ ಹೂವಿನಾಕೆಗೆ ನೆಗಡಿಯಾಗಿ ವಾಸನೆ ತಿಳಿಯದೆ ಹೋಗಿದ್ದರೆ? ಊದುಬತ್ತಿಯ ಕಿಡಿ ಒಂದು ಅಡಿ ಈಚೆಗಿದ್ದಿದ್ದರೆ? ಆಗ ನಾನು ಏನಾಗುತ್ತಿದ್ದೆ? ಲೋಕ ಏನೆನ್ನುತ್ತಿತ್ತು? ಆದರೆ ನಾನು ಮಾಡಿದ್ದರಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಅದೇ ಅಂಗಡಿ, ಅದೇ ಅಗ್ಗದ ಪೈಪು, ಅದೇ ಬೆಳಗಿನ ವಾಸನೆ, ಅದೇ ಮೌನ. ಒಂದರಲ್ಲಿ ನಾನು ಜೀವಮಾನವಿಡೀ ಅಪರಾಧಿ, ಇನ್ನೊಂದರಲ್ಲಿ ಕಾಯಿ ಒಡೆದು ಪ್ರಸಾದ ಹಂಚುವ ಗೃಹಿಣಿ. ನಡುವಿನ ಅಂತರ ನನ್ನದಲ್ಲ, ಗಾಳಿಯದು.

1976ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಜ್ಞಾನಿಗಳು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಬರೆದರು. ನೈತಿಕ ಅದೃಷ್ಟ ಎಂದು ಅದಕ್ಕೆ ಹೆಸರು. ನೇಗಲ್ ಕೊಡುವ ಉದಾಹರಣೆ ಒಬ್ಬ ಲಾರಿ ಚಾಲಕನದು. ಬ್ರೇಕನ್ನು ಪರೀಕ್ಷೆ ಮಾಡಿಸುವುದನ್ನು ಅವನು ಸ್ವಲ್ಪ ಉದಾಸೀನ ಮಾಡಿದ್ದಾನೆ. ಒಂದು ಮಗು ಅಡ್ಡ ಬಂದರೆ ಅವನು ಮಗುವನ್ನು ಕೊಂದವನಾಗುತ್ತಾನೆ. ಬಾರದಿದ್ದರೆ ಏನೂ ಅಲ್ಲ, ಊಟ ಮಾಡಿ ಮಲಗುತ್ತಾನೆ. ಉದಾಸೀನ ಮಾತ್ರ ಎರಡರಲ್ಲೂ ಒಂದೇ. ಓದಿದ್ದಾಗ ಇದು ನನಗೆ ಚಂದದ ಒಗಟಾಗಿ ಕಂಡಿತ್ತು. ಆ ರಾತ್ರಿ ಒಗಟಾಗಿರಲಿಲ್ಲ. ಆ ಚಾಲಕ ನಾನೇ ಆಗಿದ್ದೆ. ಮಗು ಒಳಕೋಣೆಯಲ್ಲಿ ಹೊದಿಕೆ ಒದ್ದು ಮಲಗಿತ್ತು.

ಬೆಳಿಗ್ಗೆ ಮಗಳಿಗೆ ವಾಸನೆಯ ವಿಷಯ ಹೇಳಿದೆ. ಅವಳು ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಬಂದಿತ್ತಮ್ಮ. ಹಳೇ ಗಾಡಿ, ಹಾಗೇ ಅಂದ್ಕೊಂಡೆ" ಎಂದಳು. ಆಮೇಲೆ, "ಹೀಗೆ ಲೆಕ್ಕ ಹಾಕ್ತಾ ಕೂತ್ರೆ ಯಾರೂ ಬದುಕೋಕಾಗಲ್ಲ. ಎಲ್ಲರೂ ದಿನಾ ಏನೋ ಒಂದು ಮರೀತಾರೆ" ಎಂದಳು. ಅವಳ ಮಾತಿನಲ್ಲೂ ನ್ಯಾಯವಿತ್ತು. ಆಗದೇ ಹೋದ ಅನಾಹುತಗಳಿಗೆಲ್ಲ ಪಶ್ಚಾತ್ತಾಪ ಪಡುತ್ತ ಕೂತರೆ ಅಡುಗೆ ಯಾರು ಮಾಡುತ್ತಾರೆ? ಆದರೂ "ಬಿಡಮ್ಮ" ಎಂಬುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಅಳುವುದನ್ನು ಬಿಡಬಹುದು. ಪೈಪನ್ನು ಹೇಗೆ ಬಿಡುವುದು?

ಊರಿನಿಂದ ಬಂದ ಹಿರಿಯ ಮೆಕ್ಯಾನಿಕ್ ಹಳದಿಗಟ್ಟಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದರು. ಬೈಯಲಿಲ್ಲ. ತಮ್ಮ ಹುಡುಗನನ್ನು ಕರೆದು ತಂತಿ ಸುತ್ತಿದ ಜಾಗ ತೋರಿಸಿದರು; ತಂತಿ ಪೈಪಿನೊಳಕ್ಕೆ ಕೊರೆದು ಇಳಿದಿತ್ತು. ಆಮೇಲೆ ನನಗೆ ಪಾಠ ಹೇಳಿದರು. ಅದು ನಿಮಗೂ ಉಪಯೋಗಕ್ಕೆ ಬಂದೀತು. ನಿಮ್ಮ ಮನೆಯ ಹಳೆಯ ಸ್ಕೂಟರಿಗೂ ಅದೇ ಮಾತು ಅನ್ವಯಿಸುತ್ತದೆ.

ಎಲ್ಲ ರಬ್ಬರೂ ಪೆಟ್ರೋಲಿಗೆ ಆಗಿಬರುವುದಿಲ್ಲ. ಮರದ ಹಾಲಿನಿಂದ ಆಗುವ ಸಹಜ ರಬ್ಬರು ಪೆಟ್ರೋಲು ಕುಡಿದು ಅವಲಕ್ಕಿಯಂತೆ ಉಬ್ಬುತ್ತದೆ. ನಾನು ತಂದಂಥ ಸಾಮಾನ್ಯ ಪಿವಿಸಿ ಕೊಳವೆಯನ್ನು ಮೆತ್ತಗಿಡಲು ಒಂದು ದ್ರವ ಬೆರೆಸಿರುತ್ತಾರೆ. ಪೆಟ್ರೋಲು ಅದನ್ನು ಸೆಳೆದುಕೊಂಡುಬಿಡುತ್ತದೆ, ಉಳಿಯುವುದು ಒಣ ಕಡ್ಡಿ. ಪಾರದರ್ಶಕ ಪೈಪುಗಳೆಲ್ಲ ಕೆಟ್ಟವಲ್ಲ, ಪೆಟ್ರೋಲಿಗಾಗಿಯೇ ತಯಾರಿಸಿದವೂ ಇವೆ. ನನ್ನದು ಆ ಜಾತಿಯದಲ್ಲ, ಅಷ್ಟೇ. ನೈಟ್ರೈಲ್ ಎಂಬ ಕೃತಕ ರಬ್ಬರು ಪೆಟ್ರೋಲನ್ನೂ ಎಣ್ಣೆಯನ್ನೂ ತಡೆದುಕೊಳ್ಳುತ್ತದೆ. ಜಾವಾದಂಥ ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿಯೇ ಹಾಕುವುದಲ್ಲವೇ? ಆದರೆ ನೈಟ್ರೈಲಿಗೂ ಬಿಸಿಲು, ಎಂಜಿನ್ನಿನ ಶಾಖ, ಗಾಳಿಯ ಓಝೋನ್ ಶತ್ರುಗಳು. ಹೊರಗಿನಿಂದ ಸಣ್ಣಗೆ ಬಿರಿಯುತ್ತದೆ. ಈಗ ಇನ್ನೊಂದು ಸೇರಿಕೊಂಡಿದೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು 2023ರಿಂದ ಬಂಕುಗಳಿಗೆ ಬರಲು ತೊಡಗಿತು. 1969ರ ಗಾಡಿ ಮಾಡಿದವರು ಅದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರುಗಳನ್ನು ಬೇಗ ಕೆಡಿಸುತ್ತದೆ. ಅದಕ್ಕೆ ಒಳಗಡೆ ಫ್ಲೋರೋ ರಬ್ಬರಿನ ಪದರವಿರುವ ಪೈಪು ಉತ್ತಮ. ಹೊರಮೈಯಲ್ಲಿ ಎಸ್‌ಎಇ ಜೆ 30 ಎಂದೂ, ಜೊತೆಗೆ ಆರ್ 6, ಆರ್ 7 ಅಥವಾ ಆರ್ 9 ಎಂದೂ ಮುದ್ರಿಸಿರುತ್ತಾರೆ. ಮೊದಲೆರಡು ಕಾರ್ಬ್ಯುರೇಟರ್ ಗಾಡಿಗಳ ಕಡಿಮೆ ಒತ್ತಡಕ್ಕೆ. ಆರ್ 9 ಎಂದರೆ ಆ ಒಳಪದರ ಇರುವಂಥದ್ದು, ದುಬಾರಿ. ಅಂಗಡಿಯಲ್ಲಿ ನಾನು ಮಂಕಾಗಿದೆಯೆಂದು ಬಿಟ್ಟುಬಂದ ಕಪ್ಪು ಪೈಪಿನ ಮೇಲಿದ್ದ ಅಕ್ಷರಗಳು ಇಂಥವೇ ಇರಬೇಕು.

"ಗ್ಯಾಸಿನ ಪೈಪು ಒಂದು ತುಂಡು ಹಾಕಬಾರದೇ? ಅದರ ಮೇಲೂ ಐಎಸ್‌ಐ ಮುದ್ರೆ ಇರುತ್ತದಲ್ಲ" ಎಂದು ಕೇಳಿದೆ. ಅವರು ಜೋರಾಗಿ ನಕ್ಕರು. ಅದು ಗ್ಯಾಸಿಗೆ, ಇದು ಪೆಟ್ರೋಲಿಗೆ. ಒಂದಕ್ಕೆ ನಂಬಿಗಸ್ತನಾದವನು ಇನ್ನೊಂದಕ್ಕೂ ಆಗಬೇಕೆಂದಿಲ್ಲ ಎಂದರು. ನಗುತ್ತಲೇ, "ಗ್ಯಾಸ್ ಪೈಪ್ ಎಷ್ಟು ವರ್ಷಕ್ಕೆ ಬದಲಾಯಿಸ್ತೀರಿ?" ಎಂದು ಕೇಳಿದರು. ಐದು ವರ್ಷಕ್ಕೆ, ಅದರ ಮೇಲೆ ಬರೆದಿರುತ್ತದೆ ಎಂದೆ. "ಚೆನ್ನಾಗಿದ್ರೂ?" ಚೆನ್ನಾಗಿದ್ದರೂ. "ಇದಕ್ಕೂ ಅದೇ ಬುದ್ಧಿ ಸಾಕು" ಎಂದರು.

ಮಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅಕ್ಷರ ಮುದ್ರಿಸಿದ ಪೈಪು ತಂದಳು. ಮುದ್ರೆಯನ್ನೂ ಯಾರಾದರೂ ಸುಳ್ಳೇ ಹೊಡೆಯಬಹುದಲ್ಲ ಎಂದು ಮೆಕ್ಯಾನಿಕ್ ಅದರಿಂದ ಒಂದಂಗುಲ ಕತ್ತರಿಸಿ, ಗ್ಯಾರೇಜಿನ ಹೊರಗೆ ಬೆಂಕಿಯಿಲ್ಲದ ಜಾಗದಲ್ಲಿ ಪೆಟ್ರೋಲಿರುವ ಮುಚ್ಚಳದ ಬಾಟಲಿಗೆ ಹಾಕಿ ಹದಿನೈದು ದಿನ ಇಟ್ಟರು. ಹೊಸ ಸೀರೆಯ ಬಣ್ಣ ಬಿಡುತ್ತದೆಯೇ ಎಂದು ನಾವು ಮೂಲೆಯೊಂದನ್ನು ನೀರಲ್ಲಿ ಅದ್ದಿ ನೋಡುವುದಿಲ್ಲವೇ? ಉಬ್ಬಲಿಲ್ಲ, ಗಟ್ಟಿಯಾಗಲಿಲ್ಲ, ಬಣ್ಣ ಬಿಡಲಿಲ್ಲ. ಆಮೇಲೆಯೇ ಹಾಕಿದರು. ಒಳಗಿನ ಅಳತೆ ನಲ್ಲಿಯ ಮೂತಿಗೆ ಸರಿಹೊಂದಬೇಕು. ಸಡಿಲವಾದರೆ ಎಷ್ಟು ಬಿಗಿದರೂ ಸೋರುತ್ತದೆ, ಬಿಗಿಯಾದರೆ ತುದಿ ಸೀಳುತ್ತದೆ. ಈ ಗಾಡಿಯಲ್ಲಿ ಪಂಪಿಲ್ಲ, ನಮ್ಮ ಮನೆಯ ಮೇಲಿನ ತೊಟ್ಟಿಯ ನೀರಿನಂತೆ ಪೆಟ್ರೋಲು ತಾನಾಗಿ ಇಳಿಯಬೇಕು. ಪೈಪು ಎಲ್ಲೂ ಮಡಿಚಬಾರದು, ಬಿಸಿ ಎಂಜಿನ್ನಿಗೆ ತಾಗಬಾರದು, ತಗಡಿನ ಅಂಚಿಗೆ ಉಜ್ಜಬಾರದು. ತುದಿಗಳಿಗೆ ತಂತಿಯಲ್ಲ, ಅಗಲ ಪಟ್ಟಿಯ ಕ್ಲಿಪ್ಪು. ಎಲ್ಲ ಮುಗಿದಮೇಲೆ ಕಾರ್ಬ್ಯುರೇಟರಿನ ತಗಡಿನ ಮುಚ್ಚಳ ಹಾಕಿದರು. ಅಷ್ಟು ಶ್ರಮದ ಪೈಪು ಬಹುಪಾಲು ಕಣ್ಣಿಗೇ ಬೀಳದಂತೆ ಒಳಗೆ ಹೋಯಿತು.

ಆ ವಾರ ಗಾಡಿಯ ಹಳೆಯ ಕಾಗದಗಳಿಗಾಗಿ ಹುಡುಕುವಾಗ ನಮ್ಮವರ ಲೆಕ್ಕದ ಪುಸ್ತಕ ಸಿಕ್ಕಿತು. ಹಾಲು, ದಿನಪತ್ರಿಕೆ, ಮಗಳ ಫೀಜಿನ ಜೊತೆಗೆ ಅಲ್ಲಲ್ಲಿ ಒಂದು ಸಾಲು: ಪೆಟ್ರೋಲ್ ಪೈಪು ಬದಲಾಯಿಸಿದ್ದು. 1990, 1993, 1997. ಹೀಗೆ ಮೂರು ನಾಲ್ಕು ವರ್ಷಕ್ಕೊಮ್ಮೆ. ಕೊನೆಯದು 2009. ಅವರು ನಮಗೆ ಎಂದೂ ಇದನ್ನು ಹೇಳಿದವರಲ್ಲ. ನಾನು ಎಂದೂ ಕೇಳಿದವಳೂ ಅಲ್ಲ. ಟ್ಯಾಂಕಿನ ಮೇಲೆ ಮಗಳು ಕೂತು ಹಾಡುತ್ತಿದ್ದಾಗ, ಅವಳ ಕಾಲಿನ ಕೆಳಗೇ ಆ ಪೈಪು ಇತ್ತು. ಅಷ್ಟೂ ವರ್ಷ ನಮಗೆ ಏನೂ ಆಗಲಿಲ್ಲ.

ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಾಗ ನನ್ನ ರಾತ್ರಿಯ ಪ್ರಶ್ನೆಗೆ ಒಂದು ದಾರಿ ಕಂಡಿತು. "ಏನೂ ಆಗಲಿಲ್ಲ" ಎಂಬುದರಲ್ಲಿ ಎರಡು ಬಗೆ. ಮಾರುಕಟ್ಟೆಯಲ್ಲಿ ಏನೂ ಆಗದಿದ್ದುದು ಅದೃಷ್ಟ. ನಂಜನಗೂಡಿನ ರಸ್ತೆಯಲ್ಲಿ ಏನೂ ಆಗದಿದ್ದುದು ಒಬ್ಬ ಮನುಷ್ಯ ಭಾನುವಾರದ ಮಧ್ಯಾಹ್ನ ಮೊಣಕಾಲೂರಿ ಮಾಡಿದ ಕೆಲಸ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ, ಅಂಗಡಿಯ ಪೈಪುಗಳಂತೆ. ಮೊದಲನೆಯದಕ್ಕೆ ನಾವು ಕಾಯಿ ಒಡೆಯುತ್ತೇವೆ. ಎರಡನೆಯದಕ್ಕೆ ಯಾರೂ ಒಂದು ಮಾತು ಹೇಳುವುದಿಲ್ಲ. ಹೇಳುವುದಕ್ಕೆ ಏನಾದರೂ ಆಗಿದ್ದರೆ ತಾನೆ?

ಈ ಎರಡನೆಯದನ್ನು ನಾವು ಹೆಂಗಸರು ಗುರುತಿಸದೇ ಹೋದರೆ ಇನ್ನಾರು ಗುರುತಿಸಬೇಕು ಹೇಳಿ. ನಮ್ಮ ದಿನದ ಬಹುಪಾಲು ಕೆಲಸ ಅದೇ. ಔಷಧಿಯ ಬಾಟಲಿಯನ್ನು ಮೇಲಿನ ಕಪಾಟಿಗೆ ಏರಿಸಿದ್ದು, ಒದ್ದೆ ಬಚ್ಚಲನ್ನು ಉಜ್ಜಿದ್ದು, ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದ್ದು. ಸಂಜೆ ಮನೆಗೆ ಬಂದವರು "ಇವತ್ತು ಏನು ವಿಶೇಷ?" ಎಂದರೆ "ಏನೂ ಇಲ್ಲ" ಎನ್ನುತ್ತೇವೆ. ಆ "ಏನೂ ಇಲ್ಲ"ದ ಹಿಂದೆ ಎಷ್ಟು ಕೈಗಳ ಕೆಲಸವಿದೆಯೆಂದು ನಮಗೇ ಮರೆತಿರುತ್ತದೆ. ಗಂಡಸರೂ ಕೆಲವರು ಅಂಥ ಕೆಲಸವನ್ನು ಸದ್ದಿಲ್ಲದೆ ಮಾಡಿರುತ್ತಾರೆ ಎಂಬುದು ನನಗೆ ಲೆಕ್ಕದ ಪುಸ್ತಕ ಸಿಗುವವರೆಗೆ ತಿಳಿದಿರಲಿಲ್ಲ.

ಹಾಗಾಗಿ ಈಗ ನಾನು ಆ ದಿನಕ್ಕಾಗಿ ಅಳುತ್ತ ಕೂತಿಲ್ಲ. ನನ್ನ ತಪ್ಪು ಸಣ್ಣದಾಯಿತೆಂದೂ ಅಂದುಕೊಂಡಿಲ್ಲ. ಅದು ಬೆಂಕಿ ಹೊತ್ತಿದ್ದರೆ ಎಷ್ಟಿರುತ್ತಿತ್ತೋ ಹೊತ್ತದೆಯೂ ಅಷ್ಟೇ ಇದೆ. ಅದೃಷ್ಟ ನನಗೆ ಕ್ಷಮೆ ಕೊಡಲಿಲ್ಲ, ಸಮಯ ಕೊಟ್ಟಿತು. ಆ ಸಮಯದಲ್ಲಿ ಇನ್ನೊಂದು ಪೈಪು ಹಾಕಿಸಬಹುದಾಗಿತ್ತು, ಹಾಕಿಸಿದೆ. ಆ ಹೂವಿನಾಕೆಯ ಬಳಿಗೆ ಹೋಗಿ ಎರಡು ಮಾತು ಆಡಿ ಬಂದೆ. "ಅಯ್ಯೋ, ಏನೂ ಆಗ್ಲಿಲ್ವಲ್ಲ ಬುಡಿ" ಎಂದು ಆಕೆಯೂ ನಕ್ಕಳು. ಆಕೆ ಹಾಗೆನ್ನಬಹುದು, ಏನೂ ಆಗದಂತೆ ನೋಡಿಕೊಂಡವಳು ಆಕೆ.

ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಎರಡು ತಾರೀಕು ಬರೆದು ಅಂಟಿಸಿದ್ದೇನೆ. ಒಂದು ಗ್ಯಾಸ್ ಪೈಪಿನದು, ಇನ್ನೊಂದು ಜಾವಾದ್ದು. ನಮ್ಮವರ ಹಳೆಯ ಪೈಪು ಡಬ್ಬಿಯಲ್ಲೇ ಇದೆ. ನೆನಪಿಗೆ ಇರಲಿ, ಗಾಡಿಗಲ್ಲ. ಮಗಳು ಬಂದಾಗ ಹೊರಡುವ ಮುನ್ನ ನಾನು ಮೆಟ್ಟಿಲ ಕೆಳಗೆ ಬಗ್ಗಿ ಮೂಸಿ ನೋಡುತ್ತೇನೆ. ಮೊಮ್ಮಗ ನಗುತ್ತಾನೆ. ನಗಲಿ. ವಾಸನೆ ಬಂದರೆ ಈಗ ಬಾಯಿ ಬಿಟ್ಟು ಹೇಳುತ್ತೇನೆ, ಎಲ್ಲದಕ್ಕೂ ಭಯಪಡುವ ಮುದುಕಿ ಎಂದರೂ ಸರಿಯೇ.